ಹಬ್ಬ ನಿಂತರೆ ಕೆತ್ತನೆಯೂ ನಿಂತಂತೆ: ಮಂಗೊ ಮಾರ್ಟಿನ್ ಅವರ ಕತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ದೊಡ್ಡ ಮರಕೆತ್ತನೆಗಾರರ ಬಗ್ಗೆ ಮಾತಾಡುತ್ತೇನೆ. ಹೆಸರು ಮಂಗೊ ಮಾರ್ಟಿನ್. ಕೆನಡಾ ದೇಶದ ಪಶ್ಚಿಮ ಕರಾವಳಿಯವರು. ಅಲ್ಲಿ ವ್ಯಾಂಕೂವರ್ ದ್ವೀಪ ಅಂತ ಉದ್ದನೆಯ ದ್ವೀಪ ಇದೆ. ಅದರ ಉತ್ತರದ ತುದಿಯ ಹತ್ತಿರ ಫೋರ್ಟ್ ರೂಪರ್ಟ್ ಎಂಬ ಊರು. ಅಲ್ಲಿ 1880ರ ಆಸುಪಾಸಿನಲ್ಲಿ ಹುಟ್ಟಿದರು. 1962ರಲ್ಲಿ ತೀರಿಕೊಂಡರು. ಅವರದು ಕ್ವಕ್ವಕವಕ್ ಜನಾಂಗ. ಯುರೋಪಿನವರು ಹೋಗುವುದಕ್ಕೆ ಎಷ್ಟೋ ಮುಂಚಿನಿಂದ ಆ ಕಡಲ ತೀರದಲ್ಲಿ ಬಾಳಿದವರು.

ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಲೆ ಉಳಿಯಬೇಕಾದರೆ, ಆ ಕಲೆ ಬೇಕಾಗುವ ಹಬ್ಬ ಉಳಿಯಬೇಕು. ಕೆತ್ತುವವನು ಮುಖವಾಡ ಮಾಡುವುದು ಕುಣಿಯುವವನಿಗಾಗಿ. ಕುಣಿಯುವವನು ಬರುವುದು ಹಬ್ಬಕ್ಕಾಗಿ. ಹಬ್ಬವನ್ನು ನಿಲ್ಲಿಸಿದರೆ ಸಾಕು, ಉಳಿ ಬಾಚಿಗಳು ತಾವಾಗಿಯೇ ಮೂಲೆ ಸೇರುತ್ತವೆ. ಮಂಗೊ ಮಾರ್ಟಿನ್ ಇದನ್ನು ಚೆನ್ನಾಗಿ ಅರಿತಿದ್ದರು.

ಆ ಕರಾವಳಿ ಮಳೆ ನಾಡು. ದೊಡ್ಡ ದೊಡ್ಡ ಕೆಂಪು ಸೀಡರ್ ಮರಗಳ ಕಾಡು. ಸೀಡರ್ ಹಗುರ, ನೆಟ್ಟಗೆ ಸೀಳುತ್ತದೆ, ಅದರಲ್ಲಿರುವ ಎಣ್ಣೆಯ ಅಂಶದಿಂದ ಬೇಗ ಕೊಳೆಯುವುದಿಲ್ಲ. ಮನೆ, ದೋಣಿ, ಪೆಟ್ಟಿಗೆ, ತೊಟ್ಟಿಲು ಎಲ್ಲ ಅದರದ್ದೇ. ತೊಗಟೆಯ ನಾರಿನಿಂದ ಬಟ್ಟೆ, ಚಾಪೆ, ಹಗ್ಗ. ಮನೆಯ ಮುಂದೆ ನಿಲ್ಲಿಸುವ ಎತ್ತರದ ಕಂಬಗಳೂ ಸೀಡರ್‌ನವೇ. ಟೋಟೆಮ್ ಕಂಬ ಅಂತ ಚಿತ್ರಗಳಲ್ಲಿ ನೋಡಿರುತ್ತೀರಿ. ಒಂದರ ಮೇಲೊಂದು ಹಕ್ಕಿ, ಕರಡಿ, ತಿಮಿಂಗಿಲ, ಮನುಷ್ಯ.

ಈ ಕಂಬಗಳನ್ನು ಅಲ್ಲಿನ ಜನ ಪೂಜಿಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ದಯವಿಟ್ಟು ಆ ತಿಳಿವಳಿಕೆಯನ್ನು ಇವತ್ತೇ ಬಿಟ್ಟುಬಿಡಿ. ಇವು ದೇವರ ಮೂರ್ತಿಗಳಲ್ಲ. ಮನೆತನದ ಗುರುತುಗಳು. ನಮ್ಮ ಮೂಲಪುರುಷ ಎಲ್ಲಿಂದ ಬಂದ, ಗುಡುಗು ಹಕ್ಕಿಯೋ ಎರಡು ತಲೆಯ ಹಾವೋ ಅವನಿಗೆ ಏನು ಕೊಟ್ಟಿತು, ಇದು ಕಂಬದ ಮೇಲಿನ ಕತೆ. ಆ ಗುರುತಿನ ಮೇಲೆ ಆ ಮನೆತನಕ್ಕೆ ಹಕ್ಕು ಇದೆ. ಗುರುತಿನ ಜೊತೆಗೆ ಹಾಡು, ಕುಣಿತ, ಹೆಸರು ಎಲ್ಲವೂ ಬರುತ್ತವೆ. ಚೆಂದ ಕಂಡಿತು ಅಂತ ಬೇರೆಯವರು ಎತ್ತಿಕೊಳ್ಳುವಂತಿಲ್ಲ. ತುಳುನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಯಾವ ದೈವದ ಭಂಡಾರ ಯಾವ ಮನೆಗೆ ಸೇರಿದ್ದು, ಯಾರು ಕಟ್ಟಬೇಕು, ಯಾರು ಪಾಡ್ದನ ಹೇಳಬೇಕು ಅನ್ನುವುದು ಅಲ್ಲಿ ಹೇಗೆ ತೀರ್ಮಾನವಾಗಿದೆಯೋ ಹಾಗೆ.

ಸರಿ, ಈ ಹಕ್ಕು ನಿಮ್ಮದು ಅಂತ ಹೇಳುವವರು ಯಾರು? ಅಲ್ಲಿ ದಾಖಲೆ ಪತ್ರ ಇರಲಿಲ್ಲ. ಅದಕ್ಕೇ ಹಬ್ಬ. ಪಾಟ್‌ಲ್ಯಾಚ್ ಅಂತ ಅದರ ಹೆಸರು. ಮದುವೆ, ಸಾವು, ಹೆಸರಿಡುವುದು, ಹೊಸ ಮನೆ, ಹೊಸ ಕಂಬ, ಯಾವುದೇ ಇರಲಿ, ಮನೆಯ ಯಜಮಾನ ಸುತ್ತಲಿನ ಊರುಗಳನ್ನೆಲ್ಲ ಕರೆಯುತ್ತಾನೆ. ತನ್ನ ಮನೆತನದ ಮುಖವಾಡಗಳನ್ನು ಕುಣಿಸುತ್ತಾನೆ, ಹಾಡುಗಳನ್ನು ಹಾಡಿಸುತ್ತಾನೆ. ಬಂದವರು ನೋಡುತ್ತಾರೆ. ಹಾಗೆ ನೋಡಿದ್ದಕ್ಕೆ ಪ್ರತಿಯೊಬ್ಬರಿಗೂ ಉಡುಗೊರೆ. ಕಂಬಳಿ, ಮೀನೆಣ್ಣೆ, ಹಿಟ್ಟು, ದೋಣಿ, ದುಡ್ಡು. ಉಡುಗೊರೆ ತೆಗೆದುಕೊಂಡವನು ಸಾಕ್ಷಿಯಾದ. ಮುಂದೆ ಯಾರಾದರೂ ತಕರಾರು ತೆಗೆದರೆ ಅವನು ಎದ್ದು ಹೇಳಬೇಕು, ನಾನಿದ್ದೆ, ನೋಡಿದ್ದೇನೆ ಅಂತ. ಅಲ್ಲಿ ದೊಡ್ಡವನು ಅನ್ನಿಸಿಕೊಳ್ಳುವವನು ಜಾಸ್ತಿ ಕೂಡಿಟ್ಟವನಲ್ಲ, ಜಾಸ್ತಿ ಕೊಟ್ಟವನು.

ಇಂಥ ಕಡೆ ಮಂಗೊ ಬೆಳೆದರು. ತಂದೆ ತೀರಿಹೋದ ಮೇಲೆ ತಾಯಿ ಇನ್ನೊಂದು ಮದುವೆಯಾದರು. ಆ ಮಲತಂದೆ ಚಾರ್ಲಿ ಜೇಮ್ಸ್, ಆ ಕಾಲದ ಹೆಸರಾಂತ ಕೆತ್ತನೆಗಾರ. ಬಂದೂಕು ಸಿಡಿದು ಅವರ ಒಂದು ಕೈ ಊನವಾಗಿತ್ತು. ಆದರೂ ಅವರ ಕೆಲಸದ ಅಂಚುಗಳು ಎಷ್ಟು ಚೊಕ್ಕ! ಹುಡುಗ ಅವರ ಪಕ್ಕದಲ್ಲೇ ಕೂತು ಕಲಿತ. ಮಗು ಮುಂದೆ ಒಳ್ಳೆಯ ಚಿತ್ರಕಾರ ಆಗಲಿ ಅಂತ, ಅದರ ಕಣ್ಣಿನ ರೆಪ್ಪೆಗೂದಲು ಕಿತ್ತು ಬಣ್ಣದ ಕುಂಚದೊಳಗೆ ಸೇರಿಸಿದ್ದರು ಅಂತ ಮಂಗೊ ಅವರ ಬಗ್ಗೆ ಒಂದು ಮಾತು ಇದೆ. ಎಂಥ ಆಸೆ ಇಟ್ಟುಕೊಂಡು ಮಗುವನ್ನು ಬೆಳೆಸುತ್ತಿದ್ದರು ನೋಡಿ.

ಆದರೆ ಮಂಗೊ ಹುಟ್ಟಿ ಕೆಲವೇ ವರ್ಷಕ್ಕೆ ಕಾನೂನು ಬಂತು. 1884ರಲ್ಲಿ ಕೆನಡಾ ಸರ್ಕಾರ ಪಾಟ್‌ಲ್ಯಾಚನ್ನು ನಿಷೇಧಿಸಿತು. 1885ರಿಂದ ಜಾರಿ. ಇರುವುದನ್ನೆಲ್ಲ ಹಂಚಿ ಹಾಳಾಗುತ್ತಾರೆ, ಇದನ್ನು ಬಿಡಿಸದೆ ಇವರು ನಮ್ಮ ದಾರಿಗೆ ಬರುವುದಿಲ್ಲ ಅಂತ ಪಾದ್ರಿಗಳೂ ಅಧಿಕಾರಿಗಳೂ ಒತ್ತಾಯ ಮಾಡಿದ್ದರು. ಗಮನಿಸಿ, ಕೆತ್ತಬೇಡಿ ಅಂತ ಕಾನೂನು ಹೇಳಲಿಲ್ಲ. ಹಬ್ಬ ಮಾಡಬೇಡಿ ಅಂದಿತು, ಅಷ್ಟೇ. ಅಷ್ಟೇ ಸಾಕಾಯಿತು.

1921ರ ಡಿಸೆಂಬರ್‌ನಲ್ಲಿ ವಿಲೇಜ್ ಐಲೆಂಡ್ ಎಂಬ ದೂರದ ದ್ವೀಪದಲ್ಲಿ ಡ್ಯಾನ್ ಕ್ರಾನ್ಮರ್ ಎಂಬ ಮುಖಂಡರು ದೊಡ್ಡ ಪಾಟ್‌ಲ್ಯಾಚ್ ಮಾಡಿದರು. ಸುದ್ದಿ ಹೊರಗೆ ಬಿತ್ತು. 45 ಜನರ ಮೇಲೆ ಕೇಸು. ಏನು ಅಪರಾಧ? ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಎತ್ತಿಕೊಂಡು ಹೋಗಿ ಕೊಟ್ಟದ್ದು. ಆಮೇಲೆ ಅಧಿಕಾರಿಗಳು ಒಂದು ಷರತ್ತು ಹಾಕಿದರು. ನಿಮ್ಮ ಊರಿನ ಮುಖವಾಡ, ತಾಮ್ರದ ಫಲಕ, ಗಿಲಕಿ ಎಲ್ಲ ಒಪ್ಪಿಸಿದರೆ ಜೈಲು ಇಲ್ಲ. ಕೆಲವರು ಒಪ್ಪಿಸಿದರು. ಒಪ್ಪದವರು ಜೈಲಿಗೆ ಹೋದರು. ನೂರಾರು ವಸ್ತುಗಳು ಪೆಟ್ಟಿಗೆ ಸೇರಿ ರಾಜಧಾನಿ ಒಟ್ಟಾವಾಕ್ಕೆ ಹೋದವು. ಕೆಲವನ್ನು ನ್ಯೂಯಾರ್ಕಿನ ಒಬ್ಬ ಸಂಗ್ರಾಹಕನಿಗೆ ಮಾರಿಯೂ ಆಯಿತು.

ಇಂಥದರಲ್ಲಿ ಕೆತ್ತನೆಗಾರನಿಗೆ ಏನು ಕೆಲಸ? ಮಂಗೊ ಮೀನು ಹಿಡಿದು ಜೀವನ ಮಾಡಿದರು. ದೋಣಿ, ಬಲೆ, ಸಾಲ್ಮನ್ ಮೀನು. ಕೈಯಲ್ಲಿ ಇಷ್ಟು ವಿದ್ಯೆ ಇದ್ದವರು ತಮ್ಮ ನಡುವಯಸ್ಸಿನ ಬಹುಪಾಲನ್ನು ಹೀಗೆ ಕಳೆದರು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಅವರು ಒಂದನ್ನೂ ಮರೆಯಲಿಲ್ಲ. ಹಾಡು ಮರೆಯಲಿಲ್ಲ, ಕುಣಿತದ ಕ್ರಮ ಮರೆಯಲಿಲ್ಲ, ಯಾವ ಗುರುತು ಯಾರದ್ದು ಅನ್ನುವುದನ್ನು ಮರೆಯಲಿಲ್ಲ.

1949ರ ಹೊತ್ತಿಗೆ ವ್ಯಾಂಕೂವರ್‌ನ ವಿಶ್ವವಿದ್ಯಾಲಯ ತನ್ನಲ್ಲಿದ್ದ ಹಳೆಯ ಕಂಬಗಳನ್ನು ರಿಪೇರಿ ಮಾಡಿಸಲು ಹೊರಟಿತು. ಮೊದಲು ಕೆಲಸ ಹಿಡಿದವರು ಚಾರ್ಲಿ ಜೇಮ್ಸರ ಮೊಮ್ಮಗಳು ಎಲೆನ್ ನೀಲ್. ಆಕೆಯೂ ಒಳ್ಳೆಯ ಕೆತ್ತನೆಗಾರ್ತಿ. ಮಂಗೊ ಮಾವನನ್ನು ಕರೆಸಿ ಅಂದವರು ಆಕೆಯೇ. ಮಂಗೊ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. 1952ರಲ್ಲಿ ವಿಕ್ಟೋರಿಯಾ ನಗರದ ಪ್ರಾಂತೀಯ ಮ್ಯೂಸಿಯಂ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಮ್ಯೂಸಿಯಂ ಪಕ್ಕದ ಥಂಡರ್‌ಬರ್ಡ್ ಪಾರ್ಕಿನಲ್ಲಿ ನಿಂತಿದ್ದ ಹಳೆಯ ಕಂಬಗಳು ಕೊಳೆಯುತ್ತಿದ್ದವು. ಅವನ್ನು ನೋಡಿಕೊಂಡು ಹೊಸದಾಗಿ ಕೆತ್ತಿಕೊಡಿ ಅಂತ.

ಈಗ ನನಗೆ ತುಂಬ ಇಷ್ಟವಾದ ಭಾಗ. ಇದಕ್ಕೆ ಸ್ವಲ್ಪ ಸಮಯ ತೆಗೆದುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪಾರ್ಕಿನಲ್ಲಿ ಹಳೆಯ ಮಾದರಿಯ ಒಂದು ಮನೆಯೂ ಬೇಕಿತ್ತು. ಮಂಗೊ ಏನು ಮಾಡಿದರು ಗೊತ್ತಾ? ಪ್ರದರ್ಶನಕ್ಕೆ ಅಂತ ಯಾವುದೋ ಒಂದು ಮನೆ ಕಟ್ಟಲಿಲ್ಲ. ಫೋರ್ಟ್ ರೂಪರ್ಟಿನಲ್ಲಿ ತಮ್ಮ ಹಿರಿಯರು ಕಟ್ಟಿಸಿದ್ದ ಮನೆಯನ್ನೇ ಎದುರಿಗಿಟ್ಟುಕೊಂಡರು. ಅದಕ್ಕಿಂತ ಅಳತೆಯಲ್ಲಿ ಚಿಕ್ಕದು, ಆದರೆ ಅದರ ವಾರಸುದಾರ. ಹೆಸರು ವಾವಾದಿಟ್ಲ. ಒಳಗಿನ ಕಂಬಗಳ ಮೇಲೆ ಕೆತ್ತಿದ ಗುರುತುಗಳು ಅವರ ಹಕ್ಕಿನವು. ಮನೆಯ ಮುಂದಿನ ಎತ್ತರದ ಕಂಬದಲ್ಲಿ ಮಾತ್ರ ಕ್ವಕ್ವಕವಕ್ ಜನರ ಬೇರೆ ಬೇರೆ ಪಂಗಡಗಳ ಗುರುತುಗಳನ್ನು ಒಟ್ಟಿಗೆ ತಂದರು, ಎಲ್ಲರಿಗೂ ಗೌರವ ಸಲ್ಲಲಿ ಅಂತ. ಜೊತೆಗೆ ಮಗ ಡೇವಿಡ್, ಮೊಮ್ಮಗಳ ಗಂಡ ಹೆನ್ರಿ ಹಂಟ್, ಆ ದಂಪತಿಯ ಹುಡುಗ ಟೋನಿ.

ಕೆಲಸದ ರೀತಿ ಹೇಳುತ್ತೇನೆ. ದಿಮ್ಮಿಯನ್ನು ಮಲಗಿಸುತ್ತಾರೆ. ಕಂಬವಾದರೆ ಹಿಂಭಾಗವನ್ನು ತೋಡಿ ಟೊಳ್ಳು ಮಾಡುತ್ತಾರೆ. ಭಾರ ಇಳಿಯುತ್ತದೆ, ಬಿರುಕೂ ಕಡಿಮೆ. ಮುಂಭಾಗದಲ್ಲಿ ಗೆರೆ ಹಾಕಿ ದಪ್ಪ ದಪ್ಪಗೆ ಕಡಿದು ಆಕಾರ ತರುತ್ತಾರೆ. ಆಮೇಲೆ ಬಾಚಿ. ಹಿಡಿ ಮರದ ಕೊಂಬೆಯ ಕವಲಿನದು, ಅಲಗು ಮಾತ್ರ ಕಬ್ಬಿಣದ್ದು. ಕೊನೆಗೆ ಬಾಗಿದ ಅಲಗಿನ ಚಾಕು. ಅದನ್ನು ಹೊರಗೆ ತಳ್ಳುವುದಿಲ್ಲ, ಮೈ ಕಡೆಗೆ ಎಳೆಯುತ್ತಾರೆ. ನುಣ್ಣಗೆ ಉಜ್ಜಿಬಿಡುತ್ತಾರೆ ಅಂದುಕೊಂಡಿರಾ? ಇಲ್ಲ. ಬಾಚಿಯ ಏಟುಗಳು ಸಾಲು ಸಾಲಾಗಿ, ಒಂದೇ ಅಗಲ, ಒಂದೇ ಆಳ, ಮೇಲಿನಿಂದ ಕೆಳಗಿನವರೆಗೂ ಉಳಿಯುತ್ತವೆ. ಮಳೆಯಲ್ಲಿ ನೆನೆದಾಗ ಆ ಸಾಲುಗಳ ಮೇಲೆ ಬೆಳಕು ಬೀಳುವುದನ್ನು ನೋಡಬೇಕು. ಕೈ ಒಂದು ಚೂರು ತಪ್ಪಿದರೂ ದೂರದಿಂದಲೇ ಕಾಣುತ್ತದೆ. ಅಷ್ಟು ಹಿಡಿತ ಬೇಕು.

ಮನೆ ಮುಗಿಯಿತು. ಮುಗಿದ ಮನೆಗೆ ಏನು ಬೇಕು? ಹಬ್ಬ! ಅಷ್ಟರಲ್ಲಿ 1951 ಬಂದು ಹೋಗಿತ್ತು. ಆ ವರ್ಷ ಕಾನೂನನ್ನು ಹೊಸದಾಗಿ ಬರೆದಾಗ ನಿಷೇಧದ ಕಲಮನ್ನು ಸುಮ್ನೆ ಕೈಬಿಟ್ಟಿದ್ದರು. ಸುಮಾರು 66 ವರ್ಷ ಜನರನ್ನು ಹಿಂಡಿದ ಕಲಮು. 1953ರ ಡಿಸೆಂಬರ್‌ನಲ್ಲಿ, ಸರ್ಕಾರಿ ಮ್ಯೂಸಿಯಂ ಅಂಗಳದಲ್ಲಿ, ಮಂಗೊ ಮಾರ್ಟಿನ್ ಪಾಟ್‌ಲ್ಯಾಚ್ ಮಾಡಿದರು. ನಿಷೇಧ ಹೋದ ಮೇಲೆ ಎಲ್ಲರೆದುರು ನಡೆದ ಮೊದಲ ಪಾಟ್‌ಲ್ಯಾಚ್ ಅದು. ಮೂರು ದಿನ. ನಡುಮನೆಯಲ್ಲಿ ಬೆಂಕಿ, ಉದ್ದನೆಯ ಹಲಗೆಯ ಮೇಲೆ ಕೋಲು ಬಡಿಯುವ ತಾಳ, ಹಿರಿಯರ ಹಾಡು.

ಆ ಮುಖವಾಡಗಳು ಬೆಂಕಿಯ ಬೆಳಕಿಗಾಗಿಯೇ ಹುಟ್ಟಿದವು. ಒಂದು ಬಗೆಯದನ್ನು ಹೇಳುತ್ತೇನೆ. ಉದ್ದ ಕೊಕ್ಕಿನ ಹಕ್ಕಿ. ಕೊಕ್ಕಿನ ಉದ್ದ ಕುಣಿಯುವವನ ತೋಳಿಗಿಂತ ಜಾಸ್ತಿ ಇರಬಹುದು. ಕೆಳಗೆ ಸೀಡರ್ ತೊಗಟೆಯ ಕೆಂಪು ನಾರು ಜೋತುಬಿದ್ದು ಮೈ ಮುಚ್ಚುತ್ತದೆ. ಅವನು ಒಳಗಿನಿಂದ ದಾರ ಎಳೆಯುತ್ತಾನೆ. ಕೊಕ್ಕು ಫಟ್ ಫಟ್ ಅಂತ ಬಡಿಯುತ್ತದೆ. ಇನ್ನೊಂದು ಬಗೆಯಲ್ಲಿ ದಾರ ಎಳೆದರೆ ಹಕ್ಕಿಯ ಮುಖವೇ ನಡುವೆ ಸೀಳಿ ಎರಡೂ ಕಡೆ ತೆರೆಯುತ್ತದೆ, ಒಳಗೆ ಮನುಷ್ಯನ ಮುಖ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟರೆ ಇದು ಗೊತ್ತಾಗುವುದು ಹೇಗೆ? ತಿರುಗಣೆ, ದಾರ, ಕೀಲು ಎಲ್ಲಿ ಇರಬೇಕು ಅನ್ನುವುದನ್ನು ಕುಣಿತ ಬಲ್ಲವನೇ ಕೆತ್ತಬೇಕು. ಅದಕ್ಕೇ ಮತ್ತೆ ಹೇಳುತ್ತೇನೆ, ಹಬ್ಬ ಉಳಿದರೆ ಕೆತ್ತನೆ ಉಳಿಯುತ್ತದೆ. ಬರೀ ಕಂಬ ಕೆತ್ತಿ ಮುಗಿಸಿದ್ದರೆ ಮಂಗೊ ಒಬ್ಬ ಒಳ್ಳೆಯ ಕುಶಲಕರ್ಮಿ ಅಷ್ಟೇ ಆಗುತ್ತಿದ್ದರು. ಅವರು ಮನೆ ಕಟ್ಟಿ, ನೆಂಟರಿಷ್ಟರನ್ನು ಕರೆದು, ಸಾಕ್ಷಿ ನಿಲ್ಲಿಸಿ, ಉಡುಗೊರೆ ಕೊಟ್ಟರು. ಕಾನೂನು ಕಿತ್ತುಕೊಂಡದ್ದನ್ನು ಪೂರ್ತಿಯಾಗಿ ಮರಳಿ ನಿಲ್ಲಿಸಿದರು.

ಸಮಯ ಓಡಿಬಿಟ್ಟಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. 1956ರಲ್ಲಿ ವಿಕ್ಟೋರಿಯಾದ ಬೀಕನ್ ಹಿಲ್ ಪಾರ್ಕಿನಲ್ಲಿ ಅವರು ಕೆತ್ತಿದ ಕಂಬ ಎದ್ದಿತು. 127 ಅಡಿಗೂ ಎತ್ತರ. ಈ ಕರಾವಳಿ ಸೇರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ನೂರು ವರ್ಷ ತುಂಬಿದ 1958ರಲ್ಲಿ, ವರ್ಷಕ್ಕೆ ಒಂದು ಅಡಿಯಂತೆ 100 ಅಡಿಯ ಕಂಬ ಇಂಗ್ಲೆಂಡಿನ ರಾಣಿಗೆ ಉಡುಗೊರೆಯಾಗಿ ಹೋಯಿತು. ಅದು ವಿಂಡ್ಸರ್ ಗ್ರೇಟ್ ಪಾರ್ಕಿನಲ್ಲಿ ನಿಂತಿದೆ. ಐಡಾ ಹಾಲ್ಪರ್ನ್ ಎಂಬ ಸಂಗೀತ ವಿದ್ವಾಂಸೆಗೆ ನೂರಕ್ಕೂ ಹೆಚ್ಚು ಹಾಡು ಹಾಡಿ ರೆಕಾರ್ಡ್ ಮಾಡಿಸಿದರು. ಹಾಡು ಹೋದರೆ ಕೆತ್ತನೆಗೂ ಅರ್ಥ ಹೋಗುತ್ತದೆ ಅಲ್ವಾ? ಮುಂದೆ ಬಹಳ ದೊಡ್ಡ ಹೆಸರು ಮಾಡಿದ, ಅದೇ ಕರಾವಳಿಯ ಹೈಡಾ ಎಂಬ ಇನ್ನೊಂದು ಜನಾಂಗದ ಕಲಾವಿದ ಬಿಲ್ ರೀಡ್ ಕೂಡ ಕಂಬ ಕೆತ್ತುವುದನ್ನು ಕಲಿಯಲು ಕೆಲವು ದಿನ ಇವರ ಹತ್ತಿರ ಬಂದು ಕೆಲಸ ಮಾಡಿದರು. ಮಡದಿ ಅಬಯಾ ಅವರ ನೇಯ್ಗೆಯ ಬಗ್ಗೆಯೂ ಹೇಳಬೇಕಿತ್ತು. ಅದಕ್ಕೆ ಇನ್ನೊಂದು ದಿನವೇ ಬೇಕು. ಮಗ ಡೇವಿಡ್ 1959ರಲ್ಲಿ ನೀರುಪಾಲಾದರು. ಮುದುಕ ತಂದೆ ಆಮೇಲೂ ಕೆಲಸ ನಿಲ್ಲಿಸಲಿಲ್ಲ.

1962ರ ಆಗಸ್ಟ್‌ನಲ್ಲಿ ಮಂಗೊ ತೀರಿಕೊಂಡಾಗ ಕೆನಡಾ ನೌಕಾಪಡೆಯ ಹಡಗು ಅವರ ದೇಹವನ್ನು ಉತ್ತರದ ಅಲರ್ಟ್ ಬೇ ಊರಿಗೆ ಒಯ್ದಿತು. ಅದೇ ಊರಿನಲ್ಲಿ 1980ರಲ್ಲಿ ಉಮಿಸ್ತಾ ಎಂಬ ಸಂಸ್ಕೃತಿ ಕೇಂದ್ರ ತೆರೆಯಿತು. 1921ರ ಹಬ್ಬದ ನಂತರ ಕಿತ್ತುಕೊಂಡ ಮುಖವಾಡಗಳಲ್ಲಿ ಬಹಳಷ್ಟು ಈಗ ಅಲ್ಲಿಗೆ ವಾಪಸ್ ಬಂದಿವೆ. ಮ್ಯೂಸಿಯಂನ ಕೆತ್ತನೆ ಕೆಲಸವನ್ನು ಹೆನ್ರಿ ಹಂಟ್, ಅವರ ಮಕ್ಕಳಾದ ಟೋನಿ, ರಿಚರ್ಡ್ ಮುಂದುವರಿಸಿದರು.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ವ್ಯಾಂಕೂವರ್ ಕಡೆ ಇದ್ದರೆ, ನೀವು ಹೋದಾಗ ದೋಣಿ ಹತ್ತಿ ವಿಕ್ಟೋರಿಯಾಕ್ಕೂ ಹೋಗಿ. ಮ್ಯೂಸಿಯಂ ಪಕ್ಕದಲ್ಲೇ ವಾವಾದಿಟ್ಲ ಇದೆ. ಆ ಮನೆಯನ್ನು ಹಬ್ಬಕ್ಕೆ ಬಳಸುವ ಹಕ್ಕು ಇವತ್ತಿಗೂ ಮಂಗೊ ಅವರ ವಾರಸುದಾರರದ್ದೇ. ಫೋಟೊ ಆಮೇಲೆ ತೆಗೆಯಿರಿ. ಮೊದಲು ಹತ್ತಿರ ಹೋಗಿ ಬಾಚಿಯ ಏಟಿನ ಸಾಲುಗಳನ್ನು ನೋಡಿ. ನಮಸ್ಕಾರ.