ಚಿತ್ರದ ಬೆನ್ನು ನೋಡುವವರು: ಸಮುದಾಯ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ

ಈಗ ಪರದೆ ಮೇಲೆ ಕಾಣ್ತಿರೋ ಗೋಡೆಗಳು ಖಾಲಿ. ಉದ್ಘಾಟನೆಗೆ ಇನ್ನೂ ಎರಡು ದಿನ ಇದೆ. ಬಂದ ಕೃತಿಗಳೆಲ್ಲ ನೆಲದ ಮೇಲೆ, ಸ್ಪಂಜಿನ ತುಂಡುಗಳ ಮೇಲೆ, ಗೋಡೆಗೆ ಮುಖ ಮಾಡಿ ನಿಂತಿವೆ. ಹಾಗಾಗಿ ಸ್ವಯಂಸೇವಕರು ಮೊದಲು ನೋಡೋದು ಚಿತ್ರವನ್ನಲ್ಲ, ಅದರ ಬೆನ್ನನ್ನ. ತಂತಿ ಗಟ್ಟಿ ಇದೆಯಾ, ಸ್ಕ್ರೂ ಅಲ್ಲಾಡ್ತಿದೆಯಾ, ಹೆಸರಿನ ಚೀಟಿ ಅಂಟಿಸಿದ್ದಾರಾ. ಆಯ್ಕೆಯಾಗಿ ಬಂದ ಮೇಲೂ ಈ ಕೋಣೆಯಿಂದ ವಾಪಸ್ ಹೋಗೋ ಕೃತಿಗಳಿರುತ್ತವೆ. ಅವು ಹೋಗೋದು ಸಾಮಾನ್ಯವಾಗಿ ಈ ಬೆನ್ನಿನ ಕಾರಣಕ್ಕೇ. ಇವತ್ತಿನ ವಿಡಿಯೋದಲ್ಲಿ, ಸಮುದಾಯ ಗ್ಯಾಲರಿಗೆ ಅರ್ಜಿ ಹಾಕೋದರಿಂದ ಕೃತಿ ವಾಪಸ್ ಒಯ್ಯೋವರೆಗೆ ಹೊಸಬರು ಎಡವೋ ಅಂಥ ಕಾರಣಗಳ ಬಗ್ಗೆ ಮಾತು.

ಮೊದಲು ಈ ಜಾಗದ ಸ್ವಭಾವ ಗೊತ್ತಿರಲಿ. ವಾಣಿಜ್ಯ ಗ್ಯಾಲರಿ ಕೆಲವೇ ಕಲಾವಿದರನ್ನ ವರ್ಷಗಟ್ಟಲೆ ಪ್ರತಿನಿಧಿಸುತ್ತೆ. ಸಮುದಾಯ ಗ್ಯಾಲರಿ ಹೆಚ್ಚಾಗಿ ಯಾರನ್ನೂ ಪ್ರತಿನಿಧಿಸಲ್ಲ, ಗೋಡೆಯನ್ನ ಸರದಿ ಮೇಲೆ ಹಂಚುತ್ತೆ. ಸದಸ್ಯರ ಪ್ರದರ್ಶನ, ತೀರ್ಪುಗಾರರು ಆರಿಸೋ ಸಮೂಹ ಪ್ರದರ್ಶನ, ಒಂದು ವಿಷಯ ಹಿಡಿದು ಮಾಡೋ ಪ್ರದರ್ಶನ, ಇಬ್ಬರು ಮೂವರು ಸೇರಿ ಮಾಡೋದು, ಕೊನೆಗೆ ಏಕವ್ಯಕ್ತಿ ಪ್ರದರ್ಶನ. ಹೊಸಬರು ನೇರವಾಗಿ ಏಕವ್ಯಕ್ತಿಗೆ ಅರ್ಜಿ ಹಾಕಿ ನಿರಾಶರಾಗ್ತಾರೆ. ಸದಸ್ಯರ ಪ್ರದರ್ಶನದಿಂದ ಶುರು ಮಾಡಿ ಅನ್ನೋದು ನಮ್ಮ ಸಲಹೆ. ಅಲ್ಲಿ ಆಯ್ಕೆಯ ತಲೆನೋವು ಬಹಳ ಕಡಿಮೆ, ಕೃತಿ ಒಪ್ಪಿಸೋದರಿಂದ ವಾಪಸ್ ತರೋವರೆಗಿನ ಇಡೀ ಸುತ್ತು ಒಂದೇ ಚಿತ್ರದಲ್ಲಿ ಕಲಿತಂತಾಗುತ್ತೆ. ಇನ್ನು ‘ಉದಯೋನ್ಮುಖ’ ಅನ್ನೋ ಪದ ನೋಡಿ ಇದು ಯುವಕರಿಗೆ ಮಾತ್ರ ಅಂದ್ಕೋಬೇಡಿ. ಕೃತಿ ಕಳಿಸಿ ಅಂತ ಗ್ಯಾಲರಿ ಹೊರಡಿಸೋ ಆಹ್ವಾನದಲ್ಲಿ ವಯಸ್ಸಿನ ಮಿತಿ ಬರೆದಿಲ್ಲ ಅಂದ್ರೆ, ಅದು ಕಲಾವಿದರಾಗಿ ನೀವು ಎಷ್ಟು ಕಾಲದಿಂದ ಪ್ರದರ್ಶಿಸ್ತಿದ್ದೀರಿ ಅನ್ನೋದರ ಲೆಕ್ಕ. ಐವತ್ತರಲ್ಲಿ ಕುಂಚ ಹಿಡಿದವರೂ ಉದಯೋನ್ಮುಖರೇ.

ಆಹ್ವಾನವನ್ನ ಎಲ್ಲರೂ ವಿಷಯದಿಂದ ಓದೋಕೆ ಶುರು ಮಾಡ್ತಾರೆ. ನೀವು ದಿನಾಂಕಗಳಿಂದ ಶುರು ಮಾಡಿ. ಅರ್ಜಿಯ ಕೊನೆ ದಿನ, ಫಲಿತಾಂಶ, ಕೃತಿ ಒಪ್ಪಿಸೋ ದಿನ, ಉದ್ಘಾಟನೆ, ವಾಪಸ್ ಒಯ್ಯೋ ದಿನ. ಈ ಐದರಲ್ಲಿ ಒಪ್ಪಿಸೋ ದಿನಕ್ಕೂ ಒಯ್ಯೋ ದಿನಕ್ಕೂ ನೀವೇ ಬರಬೇಕು, ಇಲ್ಲ ಯಾರನ್ನಾದರೂ ಕಳಿಸಬೇಕು. ಆಮೇಲೆ ಅಳತೆ ನೋಡಿ. ‘ಗರಿಷ್ಠ 100 ಸೆಂಟಿಮೀಟರ್’ ಅಂತಿದ್ದರೆ ಅದು ಬಹುತೇಕ ಕಡೆ ಫ್ರೇಮ್ ಸೇರಿದ ಅಳತೆ. 96 ಸೆಂಟಿಮೀಟರ್ ಕ್ಯಾನ್ವಾಸಿಗೆ ಸುತ್ತಲೂ 4 ಸೆಂಟಿಮೀಟರ್ ಫ್ರೇಮ್ ಹಾಕಿಸಿದರೆ 104 ಆಯ್ತು. ಕೃತಿ ಬಾಗಿಲಲ್ಲೇ ನಿಲ್ಲುತ್ತೆ.

ತೀರ್ಪುಗಾರರೇ ಇಲ್ಲ ಅನ್ನೋ ಆಹ್ವಾನದಲ್ಲೂ ಸಣ್ಣ ಅಕ್ಷರ ಓದಬೇಕು. 1917ರಲ್ಲಿ ನ್ಯೂಯಾರ್ಕಿನ ಸೊಸೈಟಿ ಆಫ್ ಇಂಡಿಪೆಂಡೆಂಟ್ ಆರ್ಟಿಸ್ಟ್ಸ್ ಅನ್ನೋ ಕಲಾವಿದರ ಸಂಘ, ತೀರ್ಪುಗಾರರೂ ಇಲ್ಲ ಬಹುಮಾನವೂ ಇಲ್ಲ, 6 ಡಾಲರ್ ಕಟ್ಟಿದವರ ಕೃತಿಯನ್ನೆಲ್ಲ ಇಡ್ತೀವಿ ಅಂತ ಸಾರಿತ್ತು. ‘ಆರ್. ಮಟ್’ ಅಂತ ಸಹಿ ಇದ್ದ ಪಿಂಗಾಣಿ ಮೂತ್ರಪಾತ್ರೆ ಬಂದಾಗ ಮಂಡಳಿ ಮತ ಹಾಕಿ ಅದನ್ನ ಹೊರಗಿಟ್ಟಿತು. ಆ ಕೃತಿಯ ಹಿಂದಿದ್ದ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯೂಶಾಂ ಅದೇ ಮಂಡಳಿಯಲ್ಲಿದ್ದವರು, ರಾಜೀನಾಮೆ ಕೊಟ್ಟರು. ಇವತ್ತಿನ ಆಹ್ವಾನಗಳಲ್ಲಿ ‘ಸ್ಥಳದ ಸುರಕ್ಷತೆಗೆ ಒಗ್ಗದ ಕೃತಿಯನ್ನ ನಿರಾಕರಿಸೋ ಹಕ್ಕು ನಮಗಿದೆ’ ಅನ್ನೋ ಒಂದು ಸಾಲು ಎಲ್ಲೋ ಮೂಲೆಯಲ್ಲಿರುತ್ತೆ. ಒದ್ದೆ ಮಣ್ಣು, ಹಸಿ ಎಲೆ, ಉರಿಯೋ ದೀಪ ಬಳಸೋರು ಅರ್ಜಿಗೆ ಮೊದಲೇ ಕೇಳಿ.

ಈಗ ಫೋಟೋ. ತೀರ್ಪುಗಾರರು ನೋಡೋದು ನಿಮ್ಮ ಚಿತ್ರವನ್ನಲ್ಲ, ಚಿತ್ರದ ಫೋಟೋವನ್ನ. ಮೊದಲ ಸುತ್ತಿನಲ್ಲಿ ಒಂದೊಂದಕ್ಕೆ ಕೆಲವೇ ಸೆಕೆಂಡು ಸಿಗುತ್ತೆ. ಕೃತಿಯನ್ನ ಫ್ರೇಮಿಗೂ ಗಾಜಿಗೂ ಹಾಕೋ ಮೊದಲೇ ಫೋಟೋ ತೆಗೀರಿ. ಗೋಡೆಗೆ ನೇರವಾಗಿ ತೂಗುಹಾಕಿ, ಕ್ಯಾಮೆರಾದ ಲೆನ್ಸನ್ನ ಚಿತ್ರದ ನಟ್ಟನಡುವಿನ ಎತ್ತರಕ್ಕೆ ತನ್ನಿ. ಎರಡು ಒಂದೇ ಥರದ ದೀಪಗಳನ್ನ ಎಡಕ್ಕೂ ಬಲಕ್ಕೂ 45 ಡಿಗ್ರಿ ಕೋನದಲ್ಲಿ, ಸಮ ದೂರದಲ್ಲಿ ಇಡಿ. ಕಿಟಕಿ ಬೆಳಕು, ಟ್ಯೂಬ್‌ಲೈಟು ಎರಡೂ ಬೆರೆತರೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಸಿರು, ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಪೂರ್ತಿ ಸರಿಹೋಗಲ್ಲ. ಟ್ರೈಪಾಡ್, ಐಎಸ್ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ಬಾಯಿಯ ಅಳತೆ ಎಫ್/8, ಎರಡು ಸೆಕೆಂಡಿನ ಟೈಮರ್. ಫೋನಿನಲ್ಲಿ ತೆಗೆಯೋದಾದರೆ ವೈಡ್ ಲೆನ್ಸ್ ಬೇಡ. ಹತ್ತಿರದಿಂದ ತೆಗೆದರೆ ಚಿತ್ರದ ಅಂಚುಗಳು ಹೊರಕ್ಕೆ ಉಬ್ಬುತ್ತವೆ. ಹಿಂದೆ ಸರಿದು, ಎರಡು ಪಟ್ಟು ಜೂಮಿನಲ್ಲಿ ತೆಗೀರಿ. ಚಿತ್ರದ ಮೇಲಿನ ಅಂಚು ಕೆಳಗಿನ ಅಂಚಿಗಿಂತ ಚಿಕ್ಕದಾಗಿ ಕಂಡರೆ ಕ್ಯಾಮೆರಾ ಓರೆಯಾಗಿದೆ ಅಂತ ಅರ್ಥ.

ಫೈಲು ಜೆಪೆಗ್, ಬಣ್ಣ ಎಸ್ಆರ್‌ಜಿಬಿ. ಅದು ಸಾಮಾನ್ಯ ಪರದೆಗಳು ಬಳಸೋ ಬಣ್ಣದ ಪ್ರೊಫೈಲ್. ಬೇರೆ ಪ್ರೊಫೈಲ್ ಇದ್ದರೆ ನಿಮ್ಮ ಕೆಂಪು ಅವರ ಪರದೆಯಲ್ಲಿ ಕಂದು. ಉದ್ದ ಬದಿ ಎಷ್ಟು ಪಿಕ್ಸೆಲ್ ಅಂತ ಆಹ್ವಾನದಲ್ಲಿ ಬರೆದಿರುತ್ತೆ, ಅಷ್ಟೇ ಕಳಿಸಿ. ಹೆಸರು ಮರೆಮಾಚಿ ಆಯ್ಕೆ ಮಾಡ್ತಾರೆ ಅಂತಿದ್ದರೆ ಫೈಲಿನ ಹೆಸರಲ್ಲಿ ನಿಮ್ಮ ಹೆಸರು ಇರಬಾರದು, ಚಿತ್ರದ ಮೂಲೆಯಲ್ಲಿ ವಾಟರ್‌ಮಾರ್ಕೂ ಬೇಡ. ಐದು ಚಿತ್ರ ಕಳಿಸಿ ಅಂದಾಗ ಒಂದು ಭೂದೃಶ್ಯ, ಒಂದು ಭಾವಚಿತ್ರ, ಒಂದು ಅಮೂರ್ತ ಅಂತ ಎಲ್ಲ ಬರುತ್ತೆ ನನಗೆ ಅಂತ ತೋರಿಸೋರೇ ಜಾಸ್ತಿ. ಒಂದೇ ಹುಡುಕಾಟದ ಐದು ಚಿತ್ರ ಕಳಿಸಿದವರು ತೀರ್ಪುಗಾರರ ನೆನಪಲ್ಲಿ ಉಳೀತಾರೆ.

ಕಲಾವಿದರ ಹೇಳಿಕೆ 150 ಪದ ಸಾಕು. ಏನು ಮಾಡ್ತೀರಿ, ಯಾವುದರಿಂದ ಮಾಡ್ತೀರಿ, ಯಾಕೆ ಹಾಗೇ ಮಾಡ್ತೀರಿ. ‘ಬಾಲ್ಯದಿಂದಲೂ ಚಿತ್ರಕಲೆಯಲ್ಲಿ ಆಸಕ್ತಿ’ ಅನ್ನೋ ಸಾಲು ಎಲ್ಲರ ಅರ್ಜಿಯಲ್ಲೂ ಇರುತ್ತೆ, ಅದನ್ನ ಹೊಡೆದುಹಾಕಿ. ‘ಹಳೇ ಲೆಕ್ಕದ ಪುಸ್ತಕದ ಹಾಳೆ ಮೇಲೆ ಮಸಿಯಲ್ಲಿ ಬರೀತೀನಿ, ಅಂಕಿಗಳು ಕಾಣೋ ಹಾಗೇ ಬಿಡ್ತೀನಿ’ ಅಂದರೆ ಓದೋರಿಗೆ ಕೃತಿ ಕಣ್ಣಿಗೆ ಕಟ್ಟುತ್ತೆ.

ಬೆಲೆ ವಿಚಾರದಲ್ಲಿ ಹೊಸಬರು ಎಡವೋದು ಒಂದೇ ಲೆಕ್ಕದಲ್ಲಿ. ಗ್ಯಾಲರಿಯ ಕಮಿಷನ್ ಶೇಕಡ 30 ಅಂತಿಟ್ಟುಕೊಳ್ಳಿ. ನಿಮ್ಮ ಕೈಗೆ 70 ಬರಬೇಕು. 70ಕ್ಕೆ ಶೇಕಡ 30 ಸೇರಿಸಿ 91 ಅಂತ ಬರೆದರೆ, ಕಮಿಷನ್ ಹೋಗೋದು 91ರ ಮೇಲೆ. ಕೈಗೆ ಬರೋದು 63.70. ಸರಿಯಾದ ದಾರಿ ಅಂದ್ರೆ 70ನ್ನ 0.70ರಿಂದ ಭಾಗಿಸಿ 100 ಬರೆಯೋದು. ಫ್ರೇಮಿನ ಖರ್ಚನ್ನ ಭಾಗಿಸೋ ಮೊದಲೇ ಸೇರಿಸಿ, ಇಲ್ಲದಿದ್ದರೆ ಆ ಖರ್ಚಿನ ಮೇಲಿನ ಕಮಿಷನ್ನೂ ನಿಮ್ಮ ಜೇಬಿಂದಲೇ. ದೊಡ್ಡದಕ್ಕೂ ಚಿಕ್ಕದಕ್ಕೂ ಹೊಂದಿಕೆ ಇರಲಿ ಅಂತ ವಿಸ್ತೀರ್ಣದ ಮೇಲೆ ದರ ಹಾಕೋರಿದ್ದಾರೆ. ಅದರಲ್ಲಿ ಒಂದು ಗುಂಡಿ ಇದೆ. 40×50ರ ಚಿತ್ರಕ್ಕಿಂತ 80×100ರ ಚಿತ್ರ ನಾಲ್ಕು ಪಟ್ಟು ಆಗಿಬಿಡುತ್ತೆ. ಎತ್ತರ, ಅಗಲ ಎರಡನ್ನೂ ಕೂಡಿ ದರ ಹಾಕಿದರೆ 90ಕ್ಕೆ 180, ಎರಡೇ ಪಟ್ಟು. ಮೊದಲ ಪ್ರದರ್ಶನಕ್ಕೆ ಈ ಲೆಕ್ಕವೇ ವಾಸಿ. ಒಂದು ಗ್ಯಾಲರಿಯಲ್ಲಿ ಒಂದು ಬೆಲೆ, ನಿಮ್ಮ ಪುಟದಲ್ಲಿ ಅದಕ್ಕಿಂತ ಕಡಿಮೆ ಬೆಲೆ, ಹೀಗೆ ಮಾತ್ರ ಮಾಡಬೇಡಿ. ಮಾರೋ ಮನಸ್ಸಿಲ್ಲದಿದ್ದರೆ ‘ಮಾರಾಟಕ್ಕಿಲ್ಲ’ ಅಂತ ಬರೀರಿ, ಆದರೆ ವಿಮೆಗೆ ಒಂದು ಮೌಲ್ಯ ಹಾಕಲೇಬೇಕು.

ಒಪ್ಪಂದದ ಹಾಳೆಗೆ ಸಹಿ ಹಾಕೋ ಮೊದಲು ಹುಡುಕಬೇಕಾದ್ದು: ಕೃತಿ ಗ್ಯಾಲರಿಯಲ್ಲಿರುವಾಗ ಹಾಳಾದರೆ ಹೊಣೆ ಯಾರದು, ಸಾಗಣೆಯಲ್ಲಿ ಹಾಳಾದರೆ ಯಾರದು, ಮಾರಾಟದ ಹಣ ಎಷ್ಟು ದಿನದಲ್ಲಿ ಬರುತ್ತೆ, ರಿಯಾಯಿತಿ ಕೊಡೋ ಅಧಿಕಾರ ಯಾರಿಗೆ. ವಿಮೆ ಇದೆ ಅಂದ್ರೆ ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳಿ. ಬಹಳಷ್ಟು ಸಲ ಅದು ಕಟ್ಟಡದ ಒಳಗೆ ಮಾತ್ರ. ಕೃತಿ ಮಾರಿದ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗಲ್ಲ ಅನ್ನೋದು ಬಹುತೇಕ ದೇಶಗಳ ಕಾನೂನು. ಹಾಗಾಗಿ ಪ್ರಚಾರಕ್ಕೆ ಫೋಟೋ ಬಳಸೋಕೆ ಅನುಮತಿ ಕೊಡಿ, ಆದರೆ ‘ಎಲ್ಲ ಹಕ್ಕುಗಳೂ’ ಅನ್ನೋ ಪದ ಕಂಡರೆ ಪೆನ್ನು ಕೆಳಗಿಟ್ಟು ಪ್ರಶ್ನೆ ಕೇಳಿ.

ಈಗ ಬೆನ್ನಿಗೆ ಬರೋಣ. ಈ ಹಲ್ಲು ಹಲ್ಲಿನ ಕೊಂಡಿ ನೋಡಿ, ರೆಡಿಮೇಡ್ ಫ್ರೇಮುಗಳ ಹಿಂದೆ ಬರೋದು. ಹಲವು ಗ್ಯಾಲರಿಗಳು ಇದನ್ನ ಒಪ್ಪಲ್ಲ, ಯಾಕೆಂದರೆ ಯಾರಾದರೂ ತಾಗಿದರೆ ಚಿತ್ರ ಮೊಳೆಯಿಂದ ಜಿಗಿದುಬಿಡುತ್ತೆ. ಬೇಕಾದ್ದು ಎರಡು ಡಿ-ರಿಂಗ್ (ಡಿ ಅಕ್ಷರದ ಆಕಾರದ ಲೋಹದ ಉಂಗುರ), ಮೇಲಿನಿಂದ ಎತ್ತರದ ಮೂರನೇ ಒಂದು ಭಾಗ ಕೆಳಗೆ, ಎರಡೂ ಬದಿಯಲ್ಲಿ ಒಂದೇ ಮಟ್ಟದಲ್ಲಿ. ತೀರಾ ಕೆಳಗೆ ಹಾಕಿದರೆ ಚಿತ್ರದ ತಲೆ ಗೋಡೆಯಿಂದ ಮುಂದಕ್ಕೆ ಬಾಗುತ್ತೆ. ರಿಂಗುಗಳ ನಡುವೆ ಹೆಣೆದ ಉಕ್ಕಿನ ತಂತಿ. ನೂಲು, ಪ್ಲಾಸ್ಟಿಕ್ ದಾರ ಕಾಲಕ್ರಮದಲ್ಲಿ ಹಿಗ್ಗುತ್ತೆ.

ತಂತಿಯನ್ನ ವೀಣೆಯ ತಂತಿಯಷ್ಟು ಬಿಗಿ ಮಾಡಬೇಡಿ. ಒಂದೇ ಮೊಳೆಗೆ ತೂಗಿದಾಗ ತಂತಿಯ ಇಳಿಜಾರು 30 ಡಿಗ್ರಿ ಇದ್ದರೆ, ಪ್ರತಿ ಬದಿಯ ಎಳೆತ ಚಿತ್ರದ ತೂಕದಷ್ಟೇ. ಇಳಿಜಾರು 10 ಡಿಗ್ರಿಗೆ ಬಂದರೆ ಸುಮಾರು 2.9 ಪಟ್ಟು. ಅಂದ್ರೆ 5 ಕಿಲೋ ಚಿತ್ರ ಒಂದೊಂದು ರಿಂಗನ್ನ 14 ಕಿಲೋಗೂ ಮೀರಿದ ಬಲದಿಂದ ಒಳಕ್ಕೆ ಎಳೀತಿರುತ್ತೆ. ಮೆದು ಮರದ ಪಟ್ಟಿಯಾದರೆ ಸ್ಕ್ರೂ ಕಿತ್ತು ಬರುತ್ತೆ. ಹಾಗಂತ ಜೋತುಬಿಟ್ಟರೆ ತಂತಿ ಫ್ರೇಮಿನ ಮೇಲೆ ಇಣುಕುತ್ತೆ. ನಡುವೆ ಹಿಡಿದು ಎತ್ತಿದಾಗ ಮೇಲಂಚಿಗಿಂತ ಐದಾರು ಸೆಂಟಿಮೀಟರ್ ಕೆಳಗೇ ನಿಂತರೆ ಸರಿ.

ಕಾಗದದ ಕೃತಿಗೆ ಆಮ್ಲರಹಿತ ಮೌಂಟ್, ಅಂದ್ರೆ ಕೃತಿಯ ಸುತ್ತ ಕೂರಿಸೋ ರಟ್ಟು. ಅಂಟಿಸೋಕೆ ಸೆಲ್ಲೋಟೇಪ್ ಬೇಡ. ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತೆ. ಕಾಗದ ಗಾಜಿಗೆ ತಾಗಬಾರದು, ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತೆ. ತೈಲವರ್ಣದವರ ತೊಂದರೆ ಬೇರೆ. ಎಣ್ಣೆ ಬಣ್ಣ ನೀರಿನ ಹಾಗೆ ಆರಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ಮುಟ್ಟಿದರೆ ಒಣಗಿದಂತೆ ಕಂಡರೂ ದಪ್ಪ ಪದರದ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತೆ. ಆಹ್ವಾನ ನೋಡಿ ಆಮೇಲೆ ಬರೆಯೋಕೆ ಕೂತ ತೈಲಚಿತ್ರ ಒಪ್ಪಿಸೋ ದಿನ ಪ್ಯಾಕಿಂಗಿಗೆ ಮೆತ್ತಿಕೊಂಡಿರುತ್ತೆ.

ಪ್ಯಾಕಿಂಗಲ್ಲಿ ಬಬಲ್ ರ್ಯಾಪಿನ ಗುಳ್ಳೆಗಳು ಹೊರಮುಖವಾಗಿರಲಿ, ಬಣ್ಣಕ್ಕಂತೂ ನೇರ ತಾಗಬಾರದು. ಅಕ್ರಿಲಿಕ್ ಬಣ್ಣ ಬಿಸಿಗೆ ಮೆತ್ತಗಾಗುತ್ತೆ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಕಳೆದರೆ ಸಾಲುಸಾಲು ಉಂಗುರ ಮೂಡಿ ಶಾಶ್ವತವಾಗಿ ಉಳಿಯುತ್ತೆ. ಅಂಟದ ಸಿಲಿಕೋನ್ ಲೇಪದ ಕಾಗದ ಮೊದಲು, ಮೇಲೆ ಬಬಲ್, ಮೂಲೆಗಳಿಗೆ ರಟ್ಟು. ಗಾಜಿದ್ದರೆ ಅದರ ಮೇಲೆ ಬಣ್ಣ ಬಳಿಯೋರ ಕಾಗದದ ಟೇಪನ್ನ ಚೌಕಳಿಯಾಗಿ ಅಂಟಿಸಿ. ಒಡೆದರೂ ಚೂರು ಚಿತ್ರದ ಮೇಲೆ ಉದುರಲ್ಲ.

ತೂಗುಹಾಕೋ ದಿನ ಗ್ಯಾಲರಿಯವರಿಗೆ ಕೈ ಸಾಲದು, ನೆರವಿಗೆ ಹೋಗಿ. ಚಿತ್ರದ ನಡುಭಾಗ ನೆಲದಿಂದ 145ರಿಂದ 152 ಸೆಂಟಿಮೀಟರ್ ಎತ್ತರದಲ್ಲಿ ಬರೋದು ವಾಡಿಕೆ. ಮೊಳೆಯ ಎತ್ತರ ಕಂಡುಹಿಡಿಯೋದು ಹೀಗೆ: ನಡುಎತ್ತರ 150, ಚಿತ್ರದ ಎತ್ತರ 60, ಎಳೆದ ತಂತಿಗೂ ಮೇಲಂಚಿಗೂ ಅಂತರ 8 ಅಂದ್ರೆ, 150ಕ್ಕೆ 30 ಕೂಡಿ 8 ಕಳೀರಿ. 172. ಆರು ಮೀಟರ್ ಗೋಡೆಗೆ 60 ಸೆಂಟಿಮೀಟರ್ ಅಗಲದ ಐದು ಚಿತ್ರ ಬಂದರೆ ಉಳಿಯೋದು 300, ಸಂದುಗಳು ಆರು, ಒಂದೊಂದು 50. ಆದರೆ ಯಾವುದರ ಪಕ್ಕ ಯಾವುದು ಅನ್ನೋದನ್ನ ಮೊಳೆ ಹೊಡೆಯೋ ಮೊದಲು ನೆಲದ ಮೇಲೆ ಜೋಡಿಸಿಯೇ ತೀರ್ಮಾನಿಸಬೇಕು. ಆ 1917ರ ಪ್ರದರ್ಶನದಲ್ಲಿ ಕಲಾವಿದರ ಹೆಸರಿನ ಅಕ್ಷರಕ್ರಮದಲ್ಲಿ ತೂಗುಹಾಕಿದ್ದರು, ಜಗಳ ತಪ್ಪುತ್ತೆ ನಿಜ, ಕಣ್ಣಿಗೆ ಮಾತ್ರ ನೆಮ್ಮದಿ ಇರಲ್ಲ. ರಸಮಟ್ಟವನ್ನ ಫ್ರೇಮಿನ ಮೇಲಂಚಿಗೆ ಇಟ್ಟು ನೋಡಿ. ಒಂದರ ಬದಲು ಎರಡು ಮೊಳೆ ಹೊಡೆದರೆ ಬಾಗಿಲು ಬಡಿದಾಗಲೆಲ್ಲ ಚಿತ್ರ ವಾಲಲ್ಲ. ದೀಪ ಲಂಬಕ್ಕೆ 30 ಡಿಗ್ರಿ ಓರೆಯಲ್ಲಿದ್ದರೆ ಗಾಜಿನಲ್ಲಿ ನೋಡುಗರ ಮುಖ ಕಾಣೋದು ಕಡಿಮೆ.

ಜಲವರ್ಣಕ್ಕೆ ಕಿಟಕಿ ಎದುರಿನ ಗೋಡೆ ಸಿಕ್ಕಿದರೆ ಬೇಡ ಅನ್ನಿ. ಕಾಗದದ ಕೃತಿಗಳಿಗೆ ಮ್ಯೂಸಿಯಂಗಳು ಪಾಲಿಸೋ ಮಿತಿ 50 ಲಕ್ಸ್ (ಬೆಳಕು ಎಷ್ಟು ಬೀಳುತ್ತೆ ಅನ್ನೋದರ ಅಳತೆ), ತೈಲವರ್ಣಕ್ಕೆ 200. 50 ಲಕ್ಸ್‌ನಲ್ಲಿ 8 ಗಂಟೆ ಬೀಳೋ ಬೆಳಕು, 5,000 ಲಕ್ಸ್‌ನ ಬಿಸಿಲಿನ ಮೂಲೆಯಲ್ಲಿ ಐದೇ ನಿಮಿಷದಲ್ಲಿ ಬಿದ್ದುಹೋಗುತ್ತೆ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೂ ವಾಪಸ್ ಬರಲ್ಲ.

ಗೋಡೆಯ ಆಚೆಗೂ ಇಲ್ಲಿ ಅವಕಾಶಗಳಿವೆ, ಕೇಳೋರು ಕಡಿಮೆ ಅಷ್ಟೇ. ರಸ್ತೆ ಕಡೆಯ ಕಿಟಕಿಯಲ್ಲಿ ತಿಂಗಳಿಗೊಬ್ಬರ ಪ್ರದರ್ಶನ, ಕಾರ್ಯಾಗಾರ ನಡೆಸೋದು, ಕಲಾವಿದರ ಮಾತುಕತೆ, ಹಿರಿಯರ ಜೊತೆ ಸಹಾಯಕರಾಗಿ ಕ್ಯುರೇಟ್ ಮಾಡೋದು, ಅಂದ್ರೆ ಪ್ರದರ್ಶನಕ್ಕೆ ಕೃತಿ ಆರಿಸಿ ಜೋಡಿಸೋದು. ಎಲ್ಲಕ್ಕಿಂತ ಲಾಭದ್ದು ಕಾವಲು ಕೂರೋ ಸರದಿ. ವಾರಕ್ಕೆ ನಾಲ್ಕು ಗಂಟೆ ಬಾಗಿಲ ಬಳಿ ಕೂತರೆ ಜನ ಯಾವ ಚಿತ್ರದ ಮುಂದೆ ನಿಲ್ತಾರೆ, ಯಾವ ಚೀಟಿಯನ್ನ ಬಗ್ಗಿ ಓದಿ ಬಿಟ್ಟುಬಿಡ್ತಾರೆ ಅನ್ನೋದು ಗೊತ್ತಾಗುತ್ತೆ. ಕೊನೇ ಗಳಿಗೆಯಲ್ಲಿ ಯಾರಾದರೂ ಪ್ರದರ್ಶನದಿಂದ ಹಿಂದೆ ಸರಿದಾಗ ಗ್ಯಾಲರಿಯವರಿಗೆ ಮೊದಲು ನೆನಪಾಗೋದೂ ಆ ಕುರ್ಚಿಯಲ್ಲಿ ಕೂತವರೇ.

ಉದ್ಘಾಟನೆ ದಿನದ ಬಗ್ಗೆ ಹೆಚ್ಚೇನಿಲ್ಲ, ನಿಮ್ಮ ಚಿತ್ರಕ್ಕೆ ಬೆನ್ನು ಕೊಟ್ಟು ಅದರ ಮುಂದೆಯೇ ನಿಲ್ಲಬೇಡಿ.

ಒಯ್ಯೋ ದಿನ ಹಳೇ ಪ್ಯಾಕಿಂಗ್ ಸಾಮಾನೇ ಬೇಕಾಗುತ್ತೆ, ಅದರ ಮೇಲೂ ಹೆಸರು ಬರೆದಿಟ್ಟಿರಿ. ರಸೀದಿಗೆ ಸಹಿ ಹಾಕೋ ಮೊದಲು ಚಿತ್ರವನ್ನ ಓರೆ ಬೆಳಕಿಗೆ ಹಿಡಿದು ನೋಡಿ, ಗೀರು, ತಗ್ಗು, ಬೆರಳಚ್ಚು ಇದ್ದರೆ ಅಲ್ಲೇ ಬರೆಸಿ. ಒಪ್ಪಿಸುವಾಗ ಫ್ರೇಮಿನ ನಾಲ್ಕು ಮೂಲೆಯ ಫೋಟೋ ತೆಗೆದಿಟ್ಟಿದ್ದರೆ ಈಗ ವಾದಕ್ಕೆ ಜಾಗ ಇರಲ್ಲ. ಗಡುವು ದಾಟಿದರೆ ದಿನದ ಲೆಕ್ಕದಲ್ಲಿ ಶುಲ್ಕ ಹಾಕೋ ಗ್ಯಾಲರಿಗಳಿವೆ. ಹೊರಡೋ ಮುಂಚೆ ಸೂಚನಾ ಫಲಕ ನೋಡಿ, ಮುಂದಿನ ಆಹ್ವಾನದ ಕೊನೆ ದಿನ ಅಲ್ಲೇ ಅಂಟಿಸಿರುತ್ತಾರೆ.