ಈ ಪದ್ಯ ಯಾರಿಗೆ?

ಹೋದ ತಿಂಗಳು ಬಸವನಗುಡಿಯಲ್ಲಿ ಒಂದು ಮನೆಯ ತಾರಸಿ ಮೇಲೆ ಕವಿಗೋಷ್ಠಿ ಇತ್ತು. ಹಾರ, ಶಾಲು ಏನೂ ಇಲ್ಲ. ಇಪ್ಪತ್ತು ಜನ, ನಾಲ್ಕು ಚಾಪೆ, ಅಷ್ಟೇ. ಒಬ್ಬ ಹುಡುಗಿ ಎದ್ದು ನಿಂತು ಮೊಬೈಲ್ ನೋಡಿಕೊಂಡು ಪದ್ಯ ಓದಿದಳು. ಊರು ಚಿಕ್ಕಮಗಳೂರು ಕಡೆ, ಇಲ್ಲಿ ಪಿಜಿಯಲ್ಲಿ ವಾಸ.

ಪದ್ಯದಲ್ಲಿ ರಾತ್ರಿ ಹತ್ತು ಗಂಟೆ. ಅಮ್ಮ ವಾಟ್ಸಾಪ್‌ನಲ್ಲಿ ‘ಊಟ ಆಯ್ತಾ’ ಅಂತ ಕೇಳುತ್ತಾರೆ. ಅಮ್ಮನಿಗೆ ಟೈಪ್ ಮಾಡೋಕೆ ಬರಲ್ಲ, ಮೈಕ್ ಒತ್ತಿ ಹೇಳುತ್ತಾರೆ. ಫೋನ್ ಅದನ್ನು ‘ಊಟ ಆಯಿತು’ ಅಂತ ಬರೆದುಬಿಡುತ್ತದೆ. ಕೇಳಿದ್ದೇ ಉತ್ತರವಾಗಿಬಿಡುತ್ತದೆ. ಮಗಳು ಓದುತ್ತಾಳೆ, ನೀಲಿ ಟಿಕ್ ಬೀಳುತ್ತದೆ, ಎದೆ ಪುಕುಪುಕು ಅನ್ನುತ್ತದೆ. ಉತ್ತರ ಬರೆಯಲು ಕೈ ಏಳುವುದಿಲ್ಲ. ಆಮೇಲೆ ಒಂದು ಗಂಟೆ ಯಾರೋ ಗುರುತಿಲ್ಲದವರ ಮದುವೆ ಫೋಟೋ ನೋಡುತ್ತಾ ಮಲಗುತ್ತಾಳೆ.

ಓದುತ್ತಿದ್ದಾಗ ನಡುವೆ ಸ್ಕ್ರೀನ್ ಆರಿಹೋಯಿತು. ಅವಳು ಮತ್ತೆ ಬೆರಳು ಒತ್ತಿ ಸಾಲು ಹುಡುಕುವವರೆಗೆ ತಾರಸಿಯಲ್ಲಿ ಯಾರೂ ಮಿಸುಕಲಿಲ್ಲ.

ಮೆಟ್ಟಿಲು ಇಳಿಯುವಾಗ ಹಿರಿಯರೊಬ್ಬರು ‘ಬರೀ ಮೊಬೈಲ್ ಗೋಳು, ಇದೂ ಕಾವ್ಯವಾ’ ಅಂದರು. ನನಗೆ ಅದು ಒಪ್ಪಿಗೆಯಿಲ್ಲ. ವಾಟ್ಸಾಪ್‌ಗೆ ಆ ನೀಲಿ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ, ಕಾಗದ ಬರೆಯುವ ಕಾಲದಲ್ಲಿ, ಉತ್ತರ ಬರದಿದ್ದರೆ ‘ತಲುಪಿಲ್ಲವೇನೋ’ ಅಂದುಕೊಳ್ಳಬಹುದಿತ್ತು. ಆ ಅನುಮಾನದಲ್ಲಿ ಒಂದು ಸಮಾಧಾನ ಇತ್ತು, ಅಲ್ವಾ? ಈಗ ಮಗಳು ಓದಿದ್ದೂ ಅಮ್ಮನಿಗೆ ಗೊತ್ತು, ಸುಮ್ಮನಿದ್ದದ್ದೂ ಗೊತ್ತು. ಅಮ್ಮನಿಗೆ ಗೊತ್ತು ಅನ್ನುವುದು ಮಗಳಿಗೂ ಗೊತ್ತು. ಈ ದಿಗಿಲು ನಮ್ಮ ಅಜ್ಜಂದಿರಿಗೆ ಇರಲಿಲ್ಲ. ಹಾಗಾಗಿ ಇದರ ಪದ್ಯ ನಾವೇ ಬರೆಯಬೇಕು. 1950ರ ದಶಕದಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ನವ್ಯ ಅನ್ನುವ ಹೊಸ ಬಗೆಯ ಕಾವ್ಯದ ದಾರಿ ಹಿಡಿದಾಗಲೂ ಇದು ಕಾವ್ಯವಾ ಅಂತ ಕೇಳಿದವರಿದ್ದರು.

ಅವಳು ‘ಆಂಗ್ಸೈಟಿ’ ಅನ್ನಲಿಲ್ಲ, ಗಮನಿಸಿದಿರಾ? ಡಾಕ್ಟರ್ ಹತ್ತಿರ ಆ ಪದ ಬೇಕು, ಹೇಳಲೇಬೇಕು. ಪದ್ಯದಲ್ಲಿ ನಮಗೆ ಬೇರೆ ದಾರಿ ಇದೆ. ದಿಗಿಲು ಎದೆಗೆ ಹೊಡೆಯುತ್ತದೆ. ಸಂಕಟ ಹೊಟ್ಟೆಯಲ್ಲಿ ಕೂರುತ್ತದೆ. ತಳಮಳ ಕೂತಲ್ಲಿ ಕೂರಲು ಬಿಡಲ್ಲ. ಇಷ್ಟು ಪದ ಕೈಯಲ್ಲಿಟ್ಟುಕೊಂಡು ಎಲ್ಲದಕ್ಕೂ ಒಂದೇ ಹೆಸರು ಯಾಕೆ?

ನನಗೆ ಬೇಜಾರಾಗುವುದು ಬೇರೆ ಕಡೆ. ಇನ್‌ಸ್ಟಾಗ್ರಾಂನಲ್ಲಿ ಚಂದ್ರನ ಫೋಟೋ, ಮೇಲೆ ನಾಲ್ಕು ಸಾಲು, ‘ನಾನು ಯಾರು’ ಅನ್ನುವ ಪ್ರಶ್ನೆ, ಮೂಲೆಯಲ್ಲಿ ಬರೆದವರ ಐಡಿ. ಅವರ ನೋವು ಸುಳ್ಳು ಅಂತ ನಾನು ಹೇಳಲಾರೆ. ಆದರೆ ಅದನ್ನು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಎಷ್ಟು ಓದಿದರೂ ಸಿಗಲ್ಲ.

ಆ ಐಡಿ ನೋಡಿದಾಗಲೆಲ್ಲ ನನಗೆ ವಚನಗಳ ಅಂಕಿತ ನೆನಪಾಗುತ್ತದೆ. 12ನೇ ಶತಮಾನದ ವಚನದ ಕೊನೆಯಲ್ಲೂ ಒಂದು ಹೆಸರಿದೆ. ಅದನ್ನು ನೋಡಿಯೇ ಯಾರ ವಚನ ಅಂತ ಗುರುತಿಸುತ್ತೇವೆ. ಆದರೆ ಅದು ಬರೆದವರ ಹೆಸರಲ್ಲ! ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಬಸವಣ್ಣನವರದು ಕೂಡಲಸಂಗಮದೇವ. ಯಾರ ಜೊತೆ ಮಾತಾಡುತ್ತಿದ್ದರೋ ಅವರ ಹೆಸರು. ಬೇಂದ್ರೆಯವರು ಅಂಬಿಕಾತನಯದತ್ತ ಅಂತ ಬರೆದಾಗ ಆ ಹೆಸರಲ್ಲೂ ಮೊದಲು ಬಂದದ್ದು ಅವರ ತಾಯಿ. ‘ನಾನು ಯಾರು’ ಅಂತ ಅಕ್ಕ ಕೇಳಿದ್ದು ಕಮ್ಮಿಯಾ? ಮನೆ ಬಿಟ್ಟು ಹೊರಟವಳು ಅವಳು. ಆದರೂ ಅವಳ ಮಾತಿಗೆ ಎದುರಿಗೆ ಒಬ್ಬ ಕೇಳುವವನಿದ್ದ. ತಾರಸಿಯಲ್ಲಿ ಆ ಹುಡುಗಿಯ ಪದ್ಯಕ್ಕೂ ಒಬ್ಬರು ಅಮ್ಮ ಇದ್ದರು.

ಎರಡು ವರ್ಷದ ಹಿಂದೆ ನಾನೂ ಒಂದು ಪದ್ಯ ಹಾಕಿದ್ದೆ. ವೈಟ್‌ಫೀಲ್ಡ್‌ನಲ್ಲಿ ನೈಟ್ ಶಿಫ್ಟ್ ಮಾಡುವ ನನ್ನ ತಮ್ಮನ ಬಗ್ಗೆ. ಬೆಳಿಗ್ಗೆ ಆರಕ್ಕೆ ಬಂದು, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗುತ್ತಾನೆ. ಒಂದು ಗಂಟೆಗೆ ಹನ್ನೊಂದು ಲೈಕ್ ಬಂತು. ಸಂಕಟವಾಗಿ ಅಳಿಸಿಬಿಟ್ಟೆ. ಅವನಿಗೆ ಮಾತ್ರ ಒಮ್ಮೆಯೂ ತೋರಿಸಿರಲಿಲ್ಲ.

ಈ ಎಪಿಸೋಡ್ ರೆಕಾರ್ಡ್ ಮಾಡಲು ಕೂರುವ ಮುಂಚೆ ಹುಡುಕಿ ತೆಗೆದು ಅವನ ನಂಬರ್‌ಗೆ ಕಳಿಸಿದೆ. ಕೆಲಸಕ್ಕೆ ಹೋಗುವಾಗ ಫೋನ್ ಆಫ್ ಮಾಡಿ ಲಾಕರ್‌ನಲ್ಲಿ ಇಡಬೇಕು ಅವನು. ಇನ್ನೂ ಒಂದೇ ಟಿಕ್ ಇದೆ.