ಅಡ್ಡ ನಿಂತ ಕಾಟಿ

ಕೇಳುಗರಿಗೆ ನಮಸ್ಕಾರ.

ಹೆಬ್ರಿಯಿಂದ ಸೋಮೇಶ್ವರದ ಕಡೆಗೆ, ಆಗುಂಬೆ ಘಾಟಿಯ ಬುಡದಲ್ಲಿ ಇರುವ ಅಡಿಕೆ ತೋಟಗಳಿಗೂ ಕಾಡಿಗೂ ನಡುವೆ ಅನೇಕ ಕಡೆ ಇರುವುದು ಒಂದು ಅಗಳು, ಅಂದರೆ ಕಂದಕ, ಇಲ್ಲವೇ ಮುಳ್ಳುತಂತಿಯ ಬೇಲಿ ಮಾತ್ರ. ಮಳೆಗಾಲ ಸಮೀಪಿಸಿ ತೋಟದಂಚಿನ ಹಲಸು ಹಣ್ಣಾಗಿ ಉದುರತೊಡಗಿತೆಂದರೆ ಆ ಪರಿಮಳ ಕಾಡಿನೊಳಗಿನ ಕಾಟಿಗಳಿಗೂ ಮುಟ್ಟುತ್ತದೆ. ಪುಸ್ತಕಗಳಲ್ಲಿ ಕಾಡುಕೋಣವೆಂದು ಓದುತ್ತೇವಲ್ಲ, ಅದೇ ಪ್ರಾಣಿ. ಬೆಳೆದ ಗಂಡು ಭುಜದ ಬಳಿ ಸುಮಾರು 6 ಅಡಿ ಎತ್ತರವಿದ್ದು, 600ರಿಂದ 1000 ಕಿಲೋ ತೂಗುತ್ತದೆ.

ಮರದ ಮೇಲೆ ಬೆಳೆಯುವ ಆರ್ಕಿಡ್ ಆದ ಸೀತಾಳೆ ದಂಡೆ ಅರಳುವುದೂ ಇದೇ ಋತುವಿನಲ್ಲಿ. ಪರಿಚಿತರೊಬ್ಬರ ತೋಟದ ಮೇಲಂಚಿನ ಮರದಲ್ಲಿ ತೂಗುತ್ತಿದ್ದ ಅದರ ಗೊಂಚಲನ್ನು ನಾನು ಚಿತ್ರಿಸುತ್ತಿದ್ದೆ. ಸಣ್ಣ ಹೂವನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸಿನ ಸ್ವಭಾವವೆಂದರೆ, ಅದರಲ್ಲಿ ಕೆಲವೇ ಮಿಲಿಮೀಟರಿನಷ್ಟು ಆಳ ಮಾತ್ರ ಸ್ಪಷ್ಟವಾಗಿ ಮೂಡುವುದರಿಂದ, ಹೂವು ಗಾಳಿಗೆ ಅಲುಗದ ಕ್ಷಣಕ್ಕಾಗಿ ಉಸಿರು ಬಿಗಿಹಿಡಿದು ಕಾಯಬೇಕು. ಹಾಗೆ ಕಾಯುವಾಗ ಸುತ್ತಲಿನ ಲೋಕವೇ ಇಲ್ಲವಾಗುತ್ತದೆ. ಬುಸ್ಸೆಂಬ ಸದ್ದು ಕೇಳಿ ತಲೆಯೆತ್ತಿದಾಗ, ಅಗಳಿನಿಂದ ಈಚೆಗೆ, ಹಲಸಿನ ಮರದಡಿಯಲ್ಲಿ ಒಂಟಿ ಗಂಡು ಕಾಟಿಯೊಂದು ನಿಂತಿತ್ತು.

ಅದು ನಮಗೆ ಮುಖ ಕೊಟ್ಟು ನಿಂತಿರಲಿಲ್ಲ. ಪೂರ್ತಿ ಅಡ್ಡಲಾಗಿ ತಿರುಗಿ, ತಲೆಯನ್ನು ತುಸು ತಗ್ಗಿಸಿ, ಬೆನ್ನನ್ನು ಉಬ್ಬಿಸಿ, ಕಾಲುಗಳನ್ನು ಸೆಟೆಸಿಕೊಂಡು ನಿಧಾನವಾಗಿ ನಾಲ್ಕು ಹೆಜ್ಜೆ ಇಟ್ಟಿತು. ಕರಿಯ ಮೈಯ ಮೇಲೆ ಬೆಳಗಿನ ಬಿಸಿಲು, ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲ್ಚೀಲ ತೊಟ್ಟಂತಹ ಕಾಲುಗಳು: ಕ್ಯಾಮೆರಾ ಹಿಡಿದವನು ಹೀಗೆಯೇ ನಿಲ್ಲೆಂದು ಹೇಳಿದರೂ ಇಷ್ಟು ಚೆನ್ನಾಗಿ ನಿಲ್ಲುತ್ತಿರಲಿಲ್ಲ. ಹಿಂದಿದ್ದ ತೋಟದ ಯಜಮಾನರು ಮೆಲ್ಲಗೆ ಹೇಳಿದರು: “ಅಡ್ಡ ನಿಂತಿದೆ ಮಾರಾಯ್ರೇ, ಹಿಂದೆ ಬನ್ನಿ.”

ಕಾಟಿಗಳ ಲೋಕದಲ್ಲಿ ಹೀಗೆ ಅಡ್ಡ ನಿಲ್ಲುವುದು ಬೆದರಿಕೆ. ಅದರ ಬೆನ್ನೆಲುಬಿನಿಂದ ಮೇಲಕ್ಕೆ ಚಾಚಿದ ಉದ್ದನೆಯ ಮೂಳೆಗಳು ಭುಜದಿಂದ ಬೆನ್ನಿನ ನಡುವಿನವರೆಗೆ ಎತ್ತರದ ಏಣನ್ನು ಕಟ್ಟಿಕೊಟ್ಟಿವೆ. ಪಕ್ಕದಿಂದ ನೋಡಿದರೆ ಪ್ರಾಣಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಎರಡು ಗಂಡುಗಳು ಎದುರಾದಾಗ ಹೀಗೆ ಮೈ ತೋರಿಸಿಕೊಂಡು ಸುತ್ತಾಡುವುದುಂಟು. ಚಿಕ್ಕದು ಸರಿದುಹೋದರೆ ಕೊಂಬಿಗೆ ಕೆಲಸವಿಲ್ಲ. ಇದನ್ನು ಚಿತ್ರಕ್ಕೆ ಕೊಟ್ಟ ಭಂಗಿಯೆಂದು ಭಾವಿಸಿ ಇನ್ನೊಂದು ಹೆಜ್ಜೆ ಮುಂದಿಡುವ ಛಾಯಾಗ್ರಾಹಕನು, ಕಾಟಿಯ ಲೆಕ್ಕದಲ್ಲಿ, ಸರಿಯಲಾರೆನೆಂದು ಉತ್ತರಿಸಿದಂತೆ. ಮೊಬೈಲ್ ಎತ್ತಿ ಹತ್ತಿರ ಹೋಗುವವರ ವಿಷಯದಲ್ಲಿ ನನಗಿರುವ ಆತಂಕ ಇದೇ.

ಕ್ಯಾಮೆರಾ ಸ್ಟ್ಯಾಂಡನ್ನು ಅಲ್ಲೇ ಬಿಟ್ಟು, ಕಾಟಿಗೆ ಬೆನ್ನು ತೋರಿಸದೆ ಹಿಂದೆ ಸರಿದು, ದೊಡ್ಡದೊಂದು ಮರದ ಮರೆಗೆ ನಿಂತೆವು. ತುಸು ಹೊತ್ತಿನಲ್ಲಿ ಅದು ತಲೆ ಕೊಡವಿ ಹಲಸಿನ ತೊಳೆಗೆ ಬಾಯಿ ಹಾಕಿತು. ಸೀತಾಳೆಯ ಚಿತ್ರ ಅಂದು ಆಗಲಿಲ್ಲ. ಹಲವು ದಿನ ಬಾಡದ ಹೂವಾದ್ದರಿಂದ ಬೇಸರಿಸುವ ಕಾರಣವೂ ಇರಲಿಲ್ಲ.

ಕಾಡಿನಂಚಿನಲ್ಲಿ ಹೂವು, ಕೀಟ, ಅಣಬೆಗಳನ್ನು ಚಿತ್ರಿಸುವವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು. ಅವರ ಕೆಲಸ ಹೂವನ್ನು ನೋಡುವುದಲ್ಲ, ಸುತ್ತ ನೋಡುವುದು. ಹಸಿ ಸಗಣಿ, ಕಚ್ಚಿ ಬಿಟ್ಟ ಹಲಸು ಕಂಡರೆ ಬೇರೆ ಮರ ಹುಡುಕುವುದು ಲೇಸು. ನಾಯಿಯನ್ನಂತೂ ಒಯ್ಯಲೇಬಾರದು, ಅದು ಬೊಗಳಿ ಕೆಣಕಿ, ಕೊನೆಗೆ ಓಡಿ ಬರುವುದು ಯಜಮಾನನ ಕಾಲಬುಡಕ್ಕೇ. ಕರುವಿರುವ ಹೆಣ್ಣು ಮೈ ತೋರಿಸುತ್ತಾ ಕಾಲ ಕಳೆಯುತ್ತದೆಂದು ನಂಬುವಂತಿಲ್ಲ. ರಾತ್ರಿ ಈ ಭಾಗದ ರಸ್ತೆಯಲ್ಲಿ ವಾಹನದ ಬೆಳಕಿಗೆ ಕರಿಯ ಮೈ ಬೇಗ ಕಾಣುವುದಿಲ್ಲವಾದ್ದರಿಂದ ನಿಧಾನವಾಗಿ ಸಾಗಬೇಕು. ಒಂದು ಕಾಟಿ ದಾಟಿತೆಂದು ಕೂಡಲೇ ಮುಂದೆ ಹೋಗಬಾರದು, ಹಿಂದೆ ಉಳಿದ ಹಿಂಡು ಇನ್ನೂ ರಸ್ತೆಯ ಆಚೆ ಬದಿಯಲ್ಲಿರಬಹುದು.